ಬೆರಳಗಲದ ಕಿಂಡಿ

ಜಪಾನಿನ ಇಚಿಕಾವಾದಲ್ಲಿ ನೆಲೆಸಿರುವ ಕನ್ನಡಿಗರ ಕೆಲವು ಮನೆಗಳಲ್ಲಿ ಸಂಕ್ರಾಂತಿಯ ದಿನ ಒಂದು ಕಿಟಕಿಯನ್ನು ಬೆರಳಗಲ ತೆರೆದಿಟ್ಟು, ಅದರ ಅಂಚಿನಲ್ಲಿ ಒಂದು ಚಿಟಿಕೆ ಎಳ್ಳು ಇಡುವ ರೂಢಿ ಈಚೆಗೆ ಕಾಣಿಸಿಕೊಂಡಿದೆ. ನಾನು ವಿಚಾರಿಸಿದಾಗ ಅಂಥ ಮನೆಗಳು ಹನ್ನೊಂದು ಇದ್ದವು. ಆ ಮನೆಗಳವರ ಹಿರಿಯರಾರಿಗೂ ಊರಿನಲ್ಲಿ ಇಂಥ ಆಚರಣೆ ಇದ್ದ ನೆನಪಿಲ್ಲ. ಅವರ ಜಪಾನೀ ನೆರೆಯವರೂ ಇದನ್ನು ಕೇಳಿದವರಲ್ಲ. ಇದೆಲ್ಲಿಂದ ಬಂತೆಂದು ಕೇಳಿದರೆ ಹನ್ನೊಂದು ಮನೆಯವರೂ ಹೇಳುವುದು ಒಂದೇ ಮನೆಯ ಗುರುತು: ಎದೊ ನದಿಯ ದಂಡೆಗೆ ಹತ್ತಿರವಿರುವ, ಎರಡು ಅಂತಸ್ತಿನ ಒಂದು ಹಳೆಯ ಮರದ ಮನೆ.

ಅಲ್ಲಿ ನಡೆದುದನ್ನು ಆ ಮನೆಯ ಗೃಹಿಣಿ ವಸುಂಧರಾ, ಆಕೆಯ ಗೆಳತಿ ಹರ್ಷಿಣಿ, ವಸುಂಧರೆಯ ಗಂಡನ ಸಹೋದ್ಯೋಗಿ ಅವಿನಾಶ್, ಈ ಮೂವರೂ ಬೇರೆ ಬೇರೆ ದಿನ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಂತೆ ಹೇಳಿದರು. ಕೊನೆಯ ಮಾತನ್ನು ಮಾತ್ರ ವಸುಂಧರೆಯ ಮಗಳು, ಒಂಬತ್ತು ವರ್ಷದ ಸಾಹಿತ್ಯ ಹೇಳಿದಳು. ಕೇಳಿದ್ದನ್ನು ಕ್ರಮಕ್ಕೆ ಹೊಂದಿಸಿ ಬರೆದಿದ್ದೇನೆ. ನನ್ನದಾಗಿ ಏನನ್ನೂ ಸೇರಿಸಿಲ್ಲ.

ವಸುಂಧರೆಯ ಗಂಡ ರಾಮಪ್ರಸಾದ ಎಂಜಿನಿಯರ್. ಕಟ್ಟಡಗಳಲ್ಲಿ ವಿದ್ಯುತ್ತು ಎಲ್ಲೆಲ್ಲಿ ಪೋಲಾಗುತ್ತದೆಂದು ಪತ್ತೆಹಚ್ಚಿ ಸಲಹೆ ಕೊಡುವುದು ಅವನ ಸಂಸ್ಥೆಯ ಕೆಲಸ. ವಾರದಲ್ಲಿ ನಾಲ್ಕು ದಿನ ಅವನು ಮನೆಯಿಂದಲೇ ದುಡಿಯುತ್ತಿದ್ದ. ಆ ವರ್ಷದ ಶರತ್ಕಾಲದಲ್ಲಿ ಸಂಸ್ಥೆಯವರು ಒಂದು ಪಂಥ ಹೂಡಿದರು: ನೌಕರರು ಮನೆಯಲ್ಲಿ ಕೆಲಸ ಮಾಡುವ ಕೋಣೆಯನ್ನು ಪರಿಸರಕ್ಕೆ ಹೊರೆಯಾಗದಂತೆ ಮಾರ್ಪಡಿಸಬೇಕು, ಜನವರಿಯ ಕೊನೆಯಲ್ಲಿ ಅದನ್ನು ಎಲ್ಲರೆದುರು ವಿವರಿಸಬೇಕು. ಉಳಿದವರು ಎರಡು ಕುಂಡ ತಂದಿಟ್ಟು, ಬಲ್ಬು ಬದಲಿಸಿ ಸುಮ್ಮನಾದರು. ರಾಮಪ್ರಸಾದನಿಗೆ ಅದು ಹಠವಾಯಿತು.

ಮೊದಲ ತಿಂಗಳು ಅವನು ಮಾಡಿದ್ದರಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ. ಹೊಸ ಮೇಜು ಕೊಳ್ಳದೆ ಹಳೆಯ ಸಾಮಾನಿನ ಅಂಗಡಿಯಿಂದ ಗಟ್ಟಿ ಮರದ್ದೊಂದನ್ನು ತಂದ. ಹಗಲಿನಲ್ಲಿ ದೀಪ ಬೇಡವಾಗಲೆಂದು ಅದನ್ನು ದಕ್ಷಿಣದ ಕಿಟಕಿಗೆ ಎದುರಾಗಿ ಹಾಕಿದ. ಎರಡನೆಯ ಕಂಪ್ಯೂಟರ್ ಪರದೆಯ ಪ್ಲಗ್ ಕಿತ್ತ. ಮಗಳ ಶಾಲೆಯಿಂದ ಬರುವ ಸುತ್ತೋಲೆಗಳ ಹಿಂಬದಿಯನ್ನೇ ಬರೆಯುವ ಕಾಗದ ಮಾಡಿಕೊಂಡ. ಚಳಿ ಬಲಿತ ಮೇಲೆ ಗಾಳಿಯ ಮೇಲೆ ಕಣ್ಣುಬಿತ್ತು. ಹಳೆಯ ಮನೆ, ಸಂದುಗೊಂದುಗಳಲ್ಲೆಲ್ಲ ಗಾಳಿ ನುಗ್ಗುತ್ತಿತ್ತು. ಕಿಟಕಿಯ ಮೇಲೆ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಟೇಪು ಹಚ್ಚಿದ. ಬಾಗಿಲಿನ ಅಡಿಗೆ ವಸುಂಧರೆಯ ಹಳೆಯ ಇಳಕಲ್ ಸೀರೆಯನ್ನು ಸುರುಳಿ ಸುತ್ತಿ ಇಟ್ಟ. ಗೋಡೆಯ ಮೇಲೊಂದು ಉಷ್ಣಮಾಪಕ ತೂಗುಹಾಕಿ, ಪ್ರತಿ ನಿಮಿಷದ ಅಂಕಿಯೂ ಲ್ಯಾಪ್‌ಟಾಪಿನಲ್ಲಿ ಗೆರೆಯಾಗಿ ಮೂಡುವಂತೆ ಮಾಡಿದ. ಆ ಗೆರೆ ಅರ್ಧ ಡಿಗ್ರಿ ಮೇಲೇರಿದರೆ ಊಟದ ಹೊತ್ತಿನಲ್ಲಿ ಅದೇ ಮಾತು.

"ಮದುವೆ ಆಲ್ಬಮ್ ಕೂಡ ಇಷ್ಟು ಸಲ ನೋಡಿಲ್ಲ ಕಣ್ರೀ ನೀವು," ಎಂದಳಂತೆ ವಸುಂಧರಾ.

"ಆಲ್ಬಮ್ ಟೆಂಪರೇಚರ್ ತೋರಿಸುತ್ತಾ, ವಸು?"

ಹಿಬಾಚಿ ಸಿಕ್ಕಿದ್ದು ನವೆಂಬರಿನಲ್ಲಿ, ಆ ಕೋಣೆಯ ಗೋಡೆಯೊಳಗಿನ ಕಪಾಟನ್ನು ಖಾಲಿ ಮಾಡುವಾಗ. ನೀಲಿ ಬಳ್ಳಿಯ ಚಿತ್ತಾರವಿದ್ದ ಪಿಂಗಾಣಿಯ ಅಗ್ಗಿಷ್ಟಿಕೆ ಅದು. ಗಾತ್ರದಲ್ಲಿ ನಮ್ಮ ಸ್ನಾನದ ಹಂಡೆಯಷ್ಟು. ಒಳಗೆ ಬೂದಿ ತುಂಬಿ, ಬೂದಿಯ ಮೇಲೆ ಕೆಂಡವಿಟ್ಟು ಕೈಕಾಯಿಸಿಕೊಳ್ಳುವುದು ಹಿಂದಿನವರ ಪದ್ಧತಿ. ರಾಮಪ್ರಸಾದನಿಗೆ ನಿಧಿ ಸಿಕ್ಕಂತಾಯಿತು. ಇದ್ದಿಲು ಮರದ್ದು, ಮರ ಗಾಳಿಯಿಂದ ಹೀರಿದ ಇಂಗಾಲವನ್ನೇ ಇದ್ದಿಲು ಹಿಂದಿರುಗಿಸುತ್ತದೆ, ಅದಕ್ಕಿಂತ ಒಂದು ಚೂರೂ ಹೆಚ್ಚಿಲ್ಲ, ಹೀಟರು ಬೇಡ, ವಿದ್ಯುತ್ತು ಬೇಡ.

ಮನೆಯ ಒಡತಿ ಕುಮಗಾಯ್-ಸಾನ್ ಪಕ್ಕದ ಮನೆಯಲ್ಲೇ ಇದ್ದರು. ಎಂಬತ್ತನಾಲ್ಕು ವರ್ಷದ ಒಂಟಿ ಮುದುಕಿ. ಹಿಬಾಚಿ ಅವರ ಅತ್ತೆಯದಂತೆ. ಅನುಮತಿ ಕೇಳಲು ಹೋದಾಗ ಅವರ ಜಪಾನಿಯನ್ನು ಅಪ್ಪನಿಗೆ ತಿಳಿಸಿಹೇಳಿದವಳು ಸಾಹಿತ್ಯ. ಗಂಡನ ಪಕ್ಕದಲ್ಲಿ ನಿಂತಿದ್ದ ವಸುಂಧರೆಗೆ ಆ ಸಂಭಾಷಣೆ ಅಕ್ಷರಶಃ ನೆನಪಿದೆ.

"ಯೂಸ್ ಮಾಡಬಹುದಂತೆ. ಬಟ್ ಒಂದು ಪ್ರಾಮಿಸ್. ಕೆಂಡ ಇರೋವರೆಗೂ ಕಿಟಕಿ ಇಷ್ಟು ಓಪನ್ ಇರಬೇಕಂತೆ." ಹುಡುಗಿ ತೋರುಬೆರಳನ್ನು ಅಡ್ಡಲಾಗಿ ಹಿಡಿದು ತೋರಿಸಿದಳು.

"ಯಾಕಂತೆ?"

"ಒಕ್ಯಾಕು-ಸಾನ್ ಹೋಗೋದಕ್ಕೆ. ಗೆಸ್ಟ್, ಅಪ್ಪ. ಕೆಂಡದ ಗೆಸ್ಟ್."

ಕುಮಗಾಯ್-ಸಾನ್ ಅಂದು ಹೇಳಿದ್ದನ್ನು ನಾನು ಆಮೇಲೆ ಅವರ ಬಾಯಿಂದಲೇ, ಸಾಹಿತ್ಯಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎರಡು ಬಾರಿ ಕೇಳಿ ಬರೆದುಕೊಂಡೆ. ಎರಡೂ ಬಾರಿ ಒಂದು ಮಾತೂ ಬದಲಾಗಲಿಲ್ಲ. ಅದು ಹೀಗಿದೆ: ಅವರು ಹುಟ್ಟಿದ ಬೆಟ್ಟದೂರಿನಲ್ಲಿ ಇದ್ದಿಲು ಸುಡುವವರ ಹದಿನಾಲ್ಕು ಮನೆಗಳಿದ್ದವು. ಎಲ್ಲಿ ಕೆಂಡ ಮಾಡಿದರೂ ಅಲ್ಲಿಗೊಬ್ಬ ಅತಿಥಿ ಬರುತ್ತಾನೆ. ಅವನಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಎದುರಿಗೆ ಕೂರುವುದು ಅವನ ಮರ್ಯಾದೆಯಲ್ಲ. ಕೆಲಸದಲ್ಲಿ ಮುಳುಗಿದವರ ಬೆನ್ನ ಹಿಂದೆ ಕೂರುತ್ತಾನೆ. ಏನನ್ನೂ ಬೇಡುವುದಿಲ್ಲ. ದಣಿವಾದಾಗ ಮುಂದೆ ಕೂತವರ ನೆತ್ತಿಯ ಮೇಲೆ ಗದ್ದವೂರುತ್ತಾನೆ. ಅವರಿಗೆ ತಲೆ ಭಾರವಾಗುತ್ತದೆ. ಹೊತ್ತಾದ ಮೇಲೆ ಎದ್ದು ದಾರಿ ನೋಡುತ್ತಾನೆ. ಬೆರಳಗಲದ ಕಿಂಡಿ ಕಂಡರೆ ಸಾಕು, ಹೊರಡುತ್ತಾನೆ. ಕಾಣದಿದ್ದರೆ ಮರಳಿ ಕೂರುತ್ತಾನೆ. ಹಾಗೆ ಮರಳಿ ಕೂತವನು ಆಮೇಲೆ ಒಬ್ಬನೇ ಹೋಗುವುದಿಲ್ಲ.

ರಾಮಪ್ರಸಾದ ತಲೆಬಾಗಿ "ಅರಿಗಾತೋ" ಎಂದ. ಮನೆಯೊಳಗೆ ಬಂದ ಮೇಲೆ ನಕ್ಕ.

"ಕಾರ್ಬನ್ ಮಾನಾಕ್ಸೈಡ್‌ಗೆ ಎಷ್ಟು ಚೆನ್ನಾಗಿ ಕಥೆ ಕಟ್ಟಿದ್ದಾರೆ ನೋಡು! ನೂರಕ್ಕೆ ನೂರು ಕರೆಕ್ಟ್."

"ಕರೆಕ್ಟ್ ಅಂತೀರಲ್ಲ, ಹಾಗಾದ್ರೆ ಕಿಟಕಿ ತೆಗೆದಿಡಿ."

"ಕಿಟಕಿ ತೆಗೆದ್ರೆ ಮಾಡಿದ್ದೆಲ್ಲ ವೇಸ್ಟು, ವಸು. ಅವರ ಕಾಲದಲ್ಲಿ ಅಲಾರಂ ಇರಲಿಲ್ಲ. ನಮ್ಮ ಕಾಲದಲ್ಲಿ ಇದೆ."

ಮರುದಿನವೇ ತಂದ. ಹೊಗೆ, ವಿಷಗಾಳಿ ಎರಡನ್ನೂ ಮೂಸಿ ಕಿರುಚುವ ಬಿಳಿಯ ಬಿಲ್ಲೆ. ಕೋಣೆಯ ಬಾಗಿಲಿನ ಮೇಲೆ, ಅವನ ಬೆನ್ನಿಗೆ ನೇರವಾಗಿ ಅದನ್ನು ತೂಗುಹಾಕಿದ.

ಮುಂದಿನದು ತಿಳಿಯಬೇಕಾದರೆ ಅಲ್ಲಿನ ನಮ್ಮವರ ಮನೆಗಳಿಗೂ ಈ ಬಿಲ್ಲೆಗಳಿಗೂ ಇರುವ ಸಂಬಂಧ ತಿಳಿದಿರಬೇಕು. ಸಾಸಿವೆ ಸಿಡಿದರೆ ಕೂಗುತ್ತವೆ. ಮೆಣಸಿನಕಾಯಿ ಹುರಿದರೆ ಕೂಗುತ್ತವೆ. ದೋಸೆ ಒಂದು ಬದಿ ಹೆಚ್ಚು ಬೆಂದರೂ ಒಬ್ಬ ಹೆಂಗಸಿನ ಧ್ವನಿ ಬಲು ವಿನಯದಿಂದ ಬೆಂಕಿ ಎಂದು ಸಾರುತ್ತದೆ. ಆದ್ದರಿಂದ ಒಗ್ಗರಣೆಗೆ ಮೊದಲು ಬಿಲ್ಲೆಗೆ ಸ್ನಾನದ ಟೋಪಿ ತೊಡಿಸುವವರಿದ್ದಾರೆ. ಪ್ಲಾಸ್ಟಿಕ್ ಡಬ್ಬಿ ಕವುಚುವವರಿದ್ದಾರೆ. ವಸುಂಧರೆಯದು ಇನ್ನೂ ಸುಲಭದ ಉಪಾಯ. ದೇವರ ಮಂಟಪ ಇದ್ದದ್ದು ಅದೇ ಕೋಣೆಯ ಮೂಲೆಯಲ್ಲಿ, ಬೇರೆಡೆ ಜಾಗವಿರಲಿಲ್ಲ. ಶುಕ್ರವಾರ ಸಾಂಬ್ರಾಣಿ ಹಾಕುವ ಮೊದಲು ಸ್ಟೂಲು ಹತ್ತಿ ಬಿಲ್ಲೆಯನ್ನು ಕೊಕ್ಕೆಯಿಂದ ಬಿಡಿಸಿ, ಟವೆಲಿನಲ್ಲಿ ಸುತ್ತಿ, ಹೊರಬಾಗಿಲ ಬಳಿಯ ಚಪ್ಪಲಿ ಗೂಡಿನಲ್ಲಿಡುತ್ತಿದ್ದಳು. ಹೊಗೆ ಅಡಗಿದ ಮೇಲೆ ಮರಳಿ ತಂದು ಸಿಗಿಸುತ್ತಿದ್ದಳು. ಗಂಡ ಕಿವಿಗೆ ಹೆಡ್‌ಫೋನ್ ಹಾಕಿ ಕಿಟಕಿಗೆ ಮುಖಮಾಡಿ ಕೂತಿರುತ್ತಿದ್ದ. ಅವನಿಗೆ ಇದಾವುದೂ ಗೊತ್ತಿರಲಿಲ್ಲ. ಹೇಳಬೇಕೆಂದು ಅವಳಿಗೂ ತೋಚಲಿಲ್ಲ. ಪೂಜೆಗೆ ಗಂಟೆ ಒರೆಸಿಡುವುದನ್ನು ಯಾರಾದರೂ ಹೇಳುತ್ತಾರೆಯೇ?

ಅವಳಿಗೆ ಗೊತ್ತಿರದಿದ್ದುದೂ ಒಂದಿತ್ತು. ಡಿಸೆಂಬರಿನಲ್ಲಿ ಮೂರು ಬಾರಿ ಆ ಬಿಲ್ಲೆ ಕೂಗಿದ್ದು ಒಗ್ಗರಣೆಗಲ್ಲ. ರಾಮಪ್ರಸಾದ ಪ್ರತಿ ಸಲವೂ ಹಾಳೆಯ ಒಂದು ಮೂಲೆ ಬಿಡಿಸಿ, ಐದು ನಿಮಿಷ ಕಿಟಕಿ ತೆರೆದು ಮತ್ತೆ ಮುಚ್ಚಿದ್ದ. ಬಿಲ್ಲೆ ಕೂಗುವವರೆಗಿನ ಬಿಸಿಯೆಲ್ಲ ತನ್ನದು ಎಂಬುದು ಅವನ ಲೆಕ್ಕ. ಅವಿನಾಶನೊಡನೆ ಇದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದ. ಕೆಳಗೆ ಅಡಿಗೆಮನೆಯಲ್ಲಿದ್ದ ವಸುಂಧರಾ ತನ್ನ ಸಾರಿನ ಘಾಟು ಮೇಲಕ್ಕೆ ಹೋಯಿತೆಂದು ತಿಳಿದು, "ಸಾರಿ ರೀ!" ಎಂದು ಕೂಗಿ ಹೇಳಿದ್ದಳು.

ಮನೆಯಲ್ಲಿ ಬೆಚ್ಚಗಿದ್ದದ್ದು ಅದೊಂದೇ ಕೋಣೆ. ಶಾಲೆಯಿಂದ ಬಂದ ಸಾಹಿತ್ಯ ಅಪ್ಪನ ಹಿಂದೆ ಚಾಪೆಯ ಮೇಲೆ ಕೂತು ಹೋಂವರ್ಕ್ ಮಾಡುವುದನ್ನು ರೂಢಿ ಮಾಡಿಕೊಂಡಳು. ಮುಸ್ಸಂಜೆಗೆ ಅವಳಿಗೆ ತಲೆನೋವು. ಕನ್ನಡಕ ಬರುವ ವಯಸ್ಸಿರಬೇಕೆಂದು ತಾಯಿ ಕಣ್ಣಿನ ವೈದ್ಯರಲ್ಲಿ ತೋರಿಸಿದಳು, ಕಣ್ಣಿನಲ್ಲಿ ದೋಷವಿರಲಿಲ್ಲ. ಚಳಿಗಾಲದ ರಜೆಗೆ ಮುಂಚೆ ಶಾಲೆಯಿಂದ ಒಂದು ಚಿತ್ರ ಬಂತು. ಮನೆಯವರ ಚಿತ್ರ ಬರೆಯಲು ಹೇಳಿದ್ದರು. ಆ ಚಿತ್ರ ನನ್ನ ಬಳಿ ಇದೆ. ಕೋಣೆ, ಮೇಜು, ನೀಲಿ ಬಳ್ಳಿಯ ಹಿಬಾಚಿ. ಮೇಜಿನ ಮುಂದೆ ಅಪ್ಪ. ಚಾಪೆಯ ಮೇಲೆ ಎರಡು ಜಡೆಯ ಹುಡುಗಿ. ಅವರಿಬ್ಬರ ನಡುವೆ ಮಂಡಿಯೂರಿ ಕೂತ ಇನ್ನೊಬ್ಬರು. ಮುಖ ಬರೆದಿಲ್ಲ, ಬಣ್ಣವನ್ನೂ ತುಂಬಿಲ್ಲ.

"ಇದ್ಯಾರೇ? ನಾನಾ?"

"ನೋ. ನೀನು ಕಿಚನ್‌ನಲ್ಲಿ ಇರ್ತೀಯ. ಒಕ್ಯಾಕು-ಸಾನ್."

ಅಂದು ವಸುಂಧರಾ ಚಿತ್ರವನ್ನು ಹಿಡಿದುಕೊಂಡೇ ಮೇಲೆ ಹೋದಳು. "ನಿಜ ಹೇಳಿ. ಕಿಟಕಿ ತೆಗೆದಿಡ್ತೀರೋ ಇಲ್ವೋ? ಅವಳು ದಿನಾ ಇಲ್ಲೇ ಕೂರ್ತಾಳೆ."

"ಶೀಟ್ ಹಿಂದೆ ತೆಗೆದಿದೀನಮ್ಮ, ಮೇಜಿನ ಮರೇಲಿ ಶೀಟಿನ ಮೂಲೇನೂ ಬಿಡಿಸಿದೀನಿ. ಒಂದು ಬೆರಳು. ನಿನಗೆ ಕಾಣಲ್ಲ ಅಷ್ಟೆ."

ಹಾಳೆಯಾಚೆಯ ಕಿಟಕಿ ಯಾರಿಗೂ ಕಾಣುತ್ತಿರಲಿಲ್ಲ. ಅವಳು ನಂಬಿದಳು. ಹೀಗೆ, ಬಿಲ್ಲೆ ಇದೆಯೆಂದು ಅವನು ಕಿಟಕಿ ಮುಚ್ಚಿದ. ಕಿಟಕಿ ತೆರೆದಿದೆಯೆಂದು ಅವಳು ಬಿಲ್ಲೆ ತೆಗೆದಳು. ಒಂದು ಶುಕ್ರವಾರವೂ ಅನಾಹುತವಾಗದೆ ಡಿಸೆಂಬರ್ ಕಳೆಯಿತು.

ಸಂಕ್ರಾಂತಿ ಕೆಲಸದ ದಿನ ಬಂತು. ಸಂಸ್ಥೆಯಲ್ಲಿ ತನ್ನ ಕೋಣೆಯನ್ನು ವಿವರಿಸಲು ರಾಮಪ್ರಸಾದನಿಗೆ ಎರಡು ವಾರ ಉಳಿದಿತ್ತು. ಹಿಂದಿನ ದಿನವಷ್ಟೇ ಅವನು ಕೋಣೆಯ ಕಟ್ಟಕಡೆಯ ತೂತನ್ನು, ಗೋಡೆಯಲ್ಲಿ ಗಾಳಿಗಾಗಿ ಇಟ್ಟಿದ್ದ ದುಂಡನೆಯ ಕಂಡಿಯನ್ನು, ಹಳೆಯ ಬಟ್ಟೆ ತುರುಕಿ ಮುಚ್ಚಿದ್ದ. ಮಧ್ಯಾಹ್ನ ಹನ್ನೆರಡೂವರೆಗೆ ವಸುಂಧರಾ ಎಳ್ಳುಬೆಲ್ಲ, ಸಕ್ಕರೆ ಅಚ್ಚುಗಳನ್ನು ದೇವರ ಮುಂದಿಟ್ಟಳು. ಸ್ಟೂಲು ಹತ್ತಿ ಬಿಲ್ಲೆ ಬಿಡಿಸಿ ಚಪ್ಪಲಿ ಗೂಡಿಗೆ ಸೇರಿಸಿದಳು. ಸಾಂಬ್ರಾಣಿಗೆ ಕೆಂಡ ಬೇಕಿತ್ತು. ಗಂಡನ ಹಿಬಾಚಿಯಿಂದಲೇ ಎರಡು ತುಂಡು ಎತ್ತಿಕೊಂಡಳು. ಅವನು ಮೀಟಿಂಗಿನಲ್ಲಿದ್ದ, ತಿರುಗದೆಯೇ ಕೈಯೆತ್ತಿ ಮಂಗಳಾರತಿಯನ್ನು ಕಣ್ಣಿಗೆ ಒತ್ತಿಕೊಂಡ. ಇನ್ನೂ ಹೊಗೆ ಇರುವಾಗಲೇ ಬೀದಿಯಿಂದ ಹರ್ಷಿಣಿಯ ಸೈಕಲ್ ಬೆಲ್ಲು.

"ಬಾರೇ ಬೇಗ! ಮೂರು ಮನೆ ಇದೆ. ಇನ್ನೂ ಅಲಂಕಾರ ಮುಗಿದಿಲ್ವಾ ಮಹಾರಾಣಿಗೆ?"

"ಬಂದೆ ಕಣೇ, ಕೂಗಬೇಡ, ಇವರು ಮೀಟಿಂಗಲ್ಲಿದಾರೆ!"

ಚಪ್ಪಲಿ ಗೂಡಿನ ಬಾಗಿಲು ತೆರೆದು ಶೂ ತೆಗೆದಳು. ಮೇಲಿನ ಅಂಕಣದಲ್ಲಿ ಟವೆಲಿನ ಗಂಟಿತ್ತು. ಕಂಡೂ ಕಂಡಂತಾಗಲಿಲ್ಲ ಎಂದು ಅವಳೇ ಹೇಳಿದಳು. ಬಾಗಿಲು ಹಾಕಿ ಹೊರಟಳು.

ಎರಡು ಗಂಟೆಗೆ ಶುರುವಾದ ಇನ್ನೊಂದು ಮೀಟಿಂಗಿನಲ್ಲಿ ಇದ್ದವನು ಅವಿನಾಶ್. ಅವನ ಮಾತನ್ನು ಇದ್ದಂತೆ ಕೊಡುತ್ತೇನೆ: "ಎರಡೂ ಹತ್ತರ ಸುಮಾರು. ಪ್ರಸಾದ್ ಹಿಂದೆ ಯಾರೋ ಕೂತಿದ್ರು. ನಾನೇ ಕೇಳಿದೆ, ಏನ್ ಗುರೂ, ಅತ್ತಿಗೆ ಕಾವಲು ಕೂತಿದಾರಾ ಅಂತ. ಅವನು ತಿರುಗಿ ನೋಡ್ಲಿಲ್ಲ. ಹೂಂ, ಪೂಜೆ ಮಾಡ್ತಿದಾಳೆ ಅಂದ. ಮಾತು ಎಳೀತಿದ್ದ, ನಿದ್ದೆ ಬಂದಿರಬೇಕು ಅಂದ್ಕೊಂಡೆ." ಆ ವೇಳೆಗೆ ವಸುಂಧರಾ ಮನೆ ಬಿಟ್ಟು ಒಂದು ಗಂಟೆಯ ಮೇಲಾಗಿತ್ತು. ಹಿನ್ನೆಲೆಯನ್ನು ಮಸುಕು ಮಾಡುವ ತಂತ್ರಾಂಶ ಕೆಲವೊಮ್ಮೆ ಕುರ್ಚಿಯನ್ನೋ ಪರದೆಯನ್ನೋ ಮನುಷ್ಯನಂತೆ ತೋರಿಸುವುದುಂಟು. ಇದನ್ನು ಅವಿನಾಶನೂ ಒಪ್ಪುತ್ತಾನೆ. ಆ ಕೋಣೆಯಲ್ಲಿ ಇನ್ನೊಂದು ಕುರ್ಚಿ ಇರಲಿಲ್ಲ.

ಮೂರು ಗಂಟೆ ದಾಟಿದ ಮೇಲೆ ಸಾಹಿತ್ಯ ತನ್ನ ಕೀಲಿಯಿಂದ ಬಾಗಿಲು ತೆರೆದು ಒಳಗೆ ಬಂದಳು. ಚಳಿ. ನೇರವಾಗಿ ಮೇಲೆ ಹೋಗಿ, ಕೋಣೆಯ ಬಾಗಿಲು ಮುಚ್ಚಿ, ಸೀರೆಯ ಸುರುಳಿಯನ್ನು ಕಾಲಿನಿಂದ ಸರಿಯಾಗಿ ಒತ್ತಿದಳು. ಅಪ್ಪ ಹೇಳಿಕೊಟ್ಟಿದ್ದು ಹಾಗೆ.

ಮೂರೂವರೆಗೆ ಹೆಂಗಸರು ಹರ್ಷಿಣಿಯ ಮನೆಯಲ್ಲಿದ್ದರು. ಅವಳು ಅವಲಕ್ಕಿಗೆ ಒಗ್ಗರಣೆ ಹಾಕಿದ್ದೇ ತಡ, ಅವಳ ಅಡಿಗೆಮನೆಯ ಬಿಲ್ಲೆ ಕಿರುಚಿತು.

"ಅಯ್ಯೋ, ನಮ್ಮತ್ತೆ ಎದ್ರು!" ಎಂದು ಹರ್ಷಿಣಿ ಪೇಪರಿನಿಂದ ಗಾಳಿ ಹಾಕಿದಳು. ಎಲ್ಲರೂ ನಕ್ಕರು. "ಏ ವಸು, ನೀನೇನ್ ಮಾಡ್ತೀಯೆ ಇದಕ್ಕೆ?"

"ನಾನು ತೆಗೆದು ಚಪ್ಪಲಿ ಗೂಡಲ್ಲಿ..." ಎಂದವಳು ಅಲ್ಲಿಗೇ ನಿಂತಳು.

ಗಂಡನಿಗೆ ಫೋನು ಮಾಡಿದಳು, ಯಾರೂ ಎತ್ತಲಿಲ್ಲ. ಎರಡನೆಯ ಸಲವೂ ಇಲ್ಲ. ಮಗಳ ಪುಟ್ಟ ಫೋನಿಗೆ ಮಾಡಿದಳು. ಬಹಳ ಹೊತ್ತಿನ ಮೇಲೆ ದನಿ ಬಂತು.

"ಅಮ್ಮಾ... ನೆಮುಯಿ." ನಿದ್ದೆ ಬರುತ್ತಿದೆ ಎಂದಳು.

"ಎಲ್ಲಿದೀಯ ಪುಟ್ಟಾ? ಅಪ್ಪನ ರೂಮಲ್ಲಾ? ಅಪ್ಪ ಏನ್ ಮಾಡ್ತಿದಾರೆ?"

"ನೆತೆರು. ಮಲಗಿದಾರೆ. ಟೇಬಲ್ ಮೇಲೆ. ಎಬ್ಬಿಸಿದ್ರೂ ಏಳಲ್ಲ."

"ಕಿಟಕಿ ತೆಗಿ. ಶೀಟ್ ಹರಿದುಹಾಕು!"

"ಟೇಪ್ ಇದೆ... ಆಗಲ್ಲ. ಕೈ ಬರ್ತಿಲ್ಲ ಅಮ್ಮ. ಸ್ವಲ್ಪ ಮಲಗ್ತೀನಿ, ಆಮೇಲೆ ತೆಗಿತೀನಿ. ಪ್ಲೀಸ್."

ಹರ್ಷಿಣಿಯ ಮನೆಯಿಂದ ಆ ಮನೆಗೆ ಸೈಕಲ್ಲಿನಲ್ಲಿ ಹನ್ನೆರಡು ನಿಮಿಷ. ವಸುಂಧರಾ ಮುಂದಿನ ಮಾತನ್ನು ನನಗೆ ಹೇಳುವಾಗ ಗೋಡೆಯ ಕಡೆ ತಿರುಗಿಕೊಂಡಳು.

"ಸಾಹಿತ್ಯ, ಕೇಳು. ಅಪ್ಪನ್ನ ಬಿಟ್ಟು ಬಾ. ತಿರುಗಿ ನೋಡಬೇಡ. ಬಾಗಿಲು ತೆಗೆದು ಹೊರಗೆ ಬಾ. ಕುಮಗಾಯ್-ಸಾನ್ ಮನೆಗೆ ಹೋಗು. ಮಲಗಿದ್ರೆ ಅಮ್ಮ ನಿನ್ನ ಜೊತೆ ಯಾವತ್ತೂ ಮಾತಾಡಲ್ಲ."

ಆ ಕಡೆಯಿಂದ ನೆಲದ ಮೇಲೆ ಏನೋ ಎಳೆದ ಸದ್ದು, ಬಾಗಿಲಿನ ಸದ್ದು, ಮೆಟ್ಟಿಲು.

ಕುಮಗಾಯ್-ಸಾನ್ ಹುಡುಗಿಯ ಮುಖದ ಕೆಂಪು ನೋಡಿದ್ದೇ ಏನನ್ನೂ ಕೇಳಲಿಲ್ಲ. ತುರ್ತು ಸೇವೆಗೆ ಫೋನು ಮಾಡಿ, ಬಟ್ಟೆ ಒಣಗಿಸುವ ಬಿದಿರುಗಳುವನ್ನು ಎರಡು ಕೈಯಲ್ಲಿ ಹಿಡಿದು ಹಿತ್ತಲಿಗೆ ಬಂದು, ಕೆಳಗಿನಿಂದಲೇ ಮೇಲಿನ ಕಿಟಕಿಗೆ ಇರಿದರು. ಮೂರು ಏಟಿಗೆ ಗಾಜು ಒಡೆಯಿತು. ನಾಲ್ಕನೆಯದಕ್ಕೆ ಹಾಳೆ ಹರಿಯಿತು. ಒಡೆದ ಗಳಿಗೆಯೂ ತಿಳಿದಿದೆ. ಉಷ್ಣಮಾಪಕದ ಗೆರೆಯನ್ನು ಅವಿನಾಶ್ ನನಗೆ ತೋರಿಸಿದ: ಮಧ್ಯಾಹ್ನವೆಲ್ಲ ಇಪ್ಪತ್ತಮೂರೂವರೆಯಲ್ಲಿ ಅಲುಗದೆ ನಿಂತ ಗೆರೆ, ಆ ಚಳಿಗಾಲದಲ್ಲೇ ಅತ್ಯುತ್ತಮವಾದುದು, ಮೂರು ಗಂಟೆ ಐವತ್ತೆರಡು ನಿಮಿಷಕ್ಕೆ ನೆಟ್ಟಗೆ ಕೆಳಗೆ ಬೀಳುತ್ತದೆ.

ರಾಮಪ್ರಸಾದ ಬದುಕಿದ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಈಗ ನಡೆಯುತ್ತಾನೆ, ಉಣ್ಣುತ್ತಾನೆ, ಮಗಳನ್ನು ಗುರುತಿಸುತ್ತಾನೆ. ಆದರೆ ವಸ್ತುಗಳ ಹೆಸರುಗಳು ಅವನಿಂದ ಹೊರಟುಹೋಗಿವೆ. ನಾನು ಹೋದಾಗ ತೆರೆದ ಕಿಟಕಿಯ ಮುಂದೆ ಶಾಲು ಹೊದ್ದು ಕೂತಿದ್ದ. ಅದನ್ನು ತೋರಿಸಿ, "ಅದು... ಅದು..." ಎಂದು ಬಹಳ ಹೊತ್ತು ಹುಡುಕಿ, ಕೊನೆಗೆ ಅಳತೊಡಗಿದ. ವಸುಂಧರಾ ಪಕ್ಕದಲ್ಲಿ ಕೂತು, "ಕಿಟಕಿ ರೀ. ಕಿಟಕಿ," ಎಂದಳು. ದಿನಕ್ಕೆ ಎಷ್ಟು ಬಾರಿ ಹಾಗೆ ಹೇಳಿಕೊಡುತ್ತಾಳೋ ತಿಳಿಯದು.

ಹೊರಡುವ ಮೊದಲು ಸಾಹಿತ್ಯಳನ್ನು ಅಂಗಳದಲ್ಲಿ ಮಾತನಾಡಿಸಿದೆ. ತಾಯಿ ಹೇಳಿದಂತೆ ತಿರುಗಿ ನೋಡದೆ ಬಂದೆಯಾ ಎಂದು ಕೇಳಿದೆ.

"ನೋಡ್ಲಿಲ್ಲ. ಬಟ್ ನಾನು ಬಾಗಿಲು ತೆಗೆದಾಗ ಒಕ್ಯಾಕು-ಸಾನೂ ಎದ್ರು. ನನ್ನ ಹಿಂದೆನೇ ಬಂದ್ರು. ನಾನು ಶೂಸ್ ಹಾಕ್ಕೊಳ್ಳೋವರೆಗೂ ವೇಟ್ ಮಾಡಿದ್ರು."

"ಹೆದರಿಕೆ ಆಗಲಿಲ್ಲವಾ?"

"ಇಲ್ಲ. ತುಂಬಾ ಪೊಲೈಟ್."

"ಆಮೇಲೆ?"

"ನಾನು ಕುಮಗಾಯ್-ಸಾನ್ ಮನೆಗೆ. ಅವರು ಅಚ್ಚಿ, ಆ ಕಡೆ." ಹುಡುಗಿ ಸ್ಟೇಷನ್ನಿನ ದಿಕ್ಕಿಗೆ ಕೈ ತೋರಿಸಿದಳು. ಅಲ್ಲಿ ಹೊಸ ಅಪಾರ್ಟ್‌ಮೆಂಟುಗಳ ಸಾಲಿತ್ತು. ಚಳಿಗೆ ಎಲ್ಲ ಕಿಟಕಿಗಳೂ ಮುಚ್ಚಿದ್ದವು. "ಹೋಗೋ ಮುಂಚೆ ಎಲ್ಲ ಬಿಲ್ಡಿಂಗ್ ನೋಡಿದ್ರು, ಒಂದೊಂದೇ."

ಕಿಟಕಿಯಂಚಿಗೆ ಎಳ್ಳಿಡುವ ಹನ್ನೊಂದು ಮನೆಗಳೂ ಆ ಸಾಲಿನಲ್ಲೇ ಇವೆ.